ಸಂಬಳ ಒಬ್ಬನದು, ಸಂಸಾರ ಯಾರದು?

ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಲ್ಲಿ ದೇಶಗಳಿಗೆ ಹೋಗಬೇಕೆಂಬ ಮಾತು ಈಗ ಕರಾವಳಿಯವರ ಬಾಯಲ್ಲಿ ಮಾತ್ರ ಉಳಿದಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಬಹಳ ಕಾಲದಿಂದ ಹೋಗುತ್ತಿದ್ದಾರೆ. ಈಗ ಬಯಲುಸೀಮೆಯ ಗಿರಣಿ ಬಾಗಿಲಲ್ಲಿಯೂ, ಪೇಟೆಯ ಅಂಗಡಿಕಟ್ಟೆಯಲ್ಲಿಯೂ ಅದೇ ಮಾತು. ಫಿಟ್ಟರ್ ಕೆಲಸ ಕಲಿತವನಿಗೆ ಕರೆ ಬರುತ್ತದೆ, ಲೆಕ್ಕ ಬರೆಯಬಲ್ಲವನಿಗೆ ಕರೆ ಬರುತ್ತದೆ, ವ್ಯಾಪಾರ ಕುಸಿದು ಅಂಗಡಿ ಮುಚ್ಚಿದವನಿಗೂ ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ನಿಲ್ಲುವ ಕೆಲಸ ಸಿಗುತ್ತದೆ. ಹೋಗುವವರನ್ನು ನಾವು ತಡೆಯುವವರಲ್ಲ. ದುಡಿಮೆ ಇದ್ದಲ್ಲಿಗೆ ದುಡಿಯುವವನು ಹೋಗುತ್ತಾನೆ. ಆದರೆ ಹೋಗುವ ಮುನ್ನ ಮಾಡುವ ಒಂದು ಗುಣಾಕಾರದ ಬಗ್ಗೆ ಎರಡು ಮಾತು ಹೇಳಲೇಬೇಕಾಗಿದೆ. ನಾವು ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು; ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ಸುಮ್ಮನಿರುವುದು ನಮ್ಮಿಂದಾಗದು.

ಆ ಗುಣಾಕಾರ ಹೀಗಿದೆ. "ಸಂಬಳ 6,000 ದಿರ್ಹಮ್. ದಿರ್ಹಮಿಗೆ 24 ರೂಪಾಯಿ. ಅಲ್ಲಿಗೆ 1,44,000 ರೂಪಾಯಿ!" ಇಷ್ಟು ಹೇಳಿದ ಮೇಲೆ ಮನೆಯವರು ಮುಂದಿನ ಲೆಕ್ಕ ಕೇಳುವುದಿಲ್ಲ. ಬಂಧುಗಳು ಕೇಳುವುದಿಲ್ಲ. ಏಜೆಂಟನಂತೂ ಹೇಳುವುದೇ ಇಲ್ಲ. ಒಂದು ಲಕ್ಷ ನಲವತ್ತು ಸಾವಿರವೆಂದರೆ ಇಲ್ಲಿ ಒಂದು ಸಂಸಾರ ಸುಖವಾಗಿ ಉಂಡುಟ್ಟು, ಮಕ್ಕಳನ್ನು ಓದಿಸಿ, ಒಂದಿಷ್ಟು ಮಿಗಿಸಬಹುದಾದ ಹಣ. ಆದರೆ ಆ ಸಂಸಾರ ಬದುಕುವುದು ಇಲ್ಲಿ ಅಲ್ಲ, ಅಲ್ಲಿ. ಗಳಿಕೆಯನ್ನು ರೂಪಾಯಿಗೆ ತಿರುಗಿಸಿ ಎಣಿಸುವುದು, ಖರ್ಚನ್ನು ಎಣಿಸದೆಯೇ ಬಿಡುವುದು, ಇದು ಯಾವ ಊರಿನ ಜಮಾಖರ್ಚು? ನಮ್ಮ ಪೇಟೆಯ ಚಿಲ್ಲರೆ ವ್ಯಾಪಾರಿ ಕೂಡ ತನ್ನ ಕಿರ್ದಿಯನ್ನು ಹೀಗೆ ಬರೆಯುವುದಿಲ್ಲ.

ಈ ಗುಣಾಕಾರವೇ ಬೇಕಿಲ್ಲದ ಕಾಲವೊಂದಿತ್ತು ಎಂಬುದನ್ನು ಕಿರಿಯ ಓದುಗರು ತಿಳಿದಿರಲಾರರು. ಕುವೈತ್, ಬಹರೈನ್, ಕತಾರ್, ದುಬೈ ಮೊದಲಾದ ಕಡೆ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಚಲಾವಣೆಯ ನಾಣ್ಯವಾಗಿತ್ತು. 1959ರಲ್ಲಿ ಭಾರತ ಸರ್ಕಾರ ಆ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತು; ಅವನ್ನು ಕೊಲ್ಲಿ ರೂಪಾಯಿ ಎಂದು ಕರೆಯುತ್ತಿದ್ದರು. 1961ರಲ್ಲಿ ಕುವೈತ್ ತನ್ನ ದಿನಾರನ್ನು ತಂದಿತು. 1965ರಲ್ಲಿ ಬಹರೈನ್ ಬಿಟ್ಟಿತು. 1966ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದ ವರ್ಷವೇ ಕತಾರ್ ಮತ್ತು ದುಬೈ ಕೂಡ ಕೈಬಿಟ್ಟವು. 1973ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ದಿರ್ಹಮ್ ಬಂದಿತು. ಅಲ್ಲಿಂದ ಇಲ್ಲಿಯವರೆಗೆ ರೂಪಾಯಿ ಇಳಿದಷ್ಟೂ ದಿರ್ಹಮ್ ನಮ್ಮ ಕಣ್ಣಿಗೆ ದೊಡ್ಡದಾಗುತ್ತ ಬಂದಿದೆ. ದಿರ್ಹಮಿನ ಬೆಲೆಯನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಮ್. ಆದುದರಿಂದ ರೂಪಾಯಿ ಬಿದ್ದರೆ ಊರಿಗೆ ಹಣ ಕಳಿಸುವವನಿಗೆ ಲಾಭ ಕಂಡೀತು. ಆದರೆ ಸಂಸಾರವನ್ನೇ ಅಲ್ಲಿಗೆ ಕೊಂಡೊಯ್ದವನಿಗೆ ಆ ಲಾಭದಿಂದ ಒಂದು ಸೇರು ಅಕ್ಕಿಯೂ ಹೆಚ್ಚು ಬರುವುದಿಲ್ಲ. ಅವನ ಬಾಡಿಗೆಯೂ ದಿರ್ಹಮಿನಲ್ಲಿ, ಹಾಲೂ ದಿರ್ಹಮಿನಲ್ಲಿ, ಮಗುವಿನ ಶಾಲೆಯ ಫೀಜೂ ದಿರ್ಹಮಿನಲ್ಲಿ.

ಆದುದರಿಂದ ಮೊದಲ ನಿಯಮ ಇದು: ಎಲ್ಲಿ ಗಳಿಸಿ ಎಲ್ಲಿ ಖರ್ಚು ಮಾಡುವಿರೋ ಅಲ್ಲಿಯ ನಾಣ್ಯದಲ್ಲಿಯೇ ಲೆಕ್ಕ ಹಾಕಿ. ಉಳಿದ ಹಣವನ್ನು ಮಾತ್ರ ರೂಪಾಯಿಗೆ ತಿರುಗಿಸಿ.

ಹಾಗೆ ಒಂದು ಮಾದರಿ ಲೆಕ್ಕವನ್ನು ಹಾಕಿ ನೋಡೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ದುಬೈಯಲ್ಲಿ ಕೆಲಸ, 6,000 ದಿರ್ಹಮ್ ಸಂಬಳ, ಮನೆಯನ್ನು ಮಾಲೀಕ ಕೊಟ್ಟಿಲ್ಲ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲೆಂದು ನಾವು ಹಿಡಿದವು. ನೀವು ಹೋಗುವ ಬಡಾವಣೆಯ ಬಾಡಿಗೆ, ನೀವು ಸೇರಿಸುವ ಶಾಲೆಯ ಫೀಜು ಎಷ್ಟೆಂದು ಕೇಳಿ ತಿಳಿದು, ಆ ಅಂಕಿಗಳನ್ನು ಇದೇ ಸಾಲುಗಳಲ್ಲಿ ಬರೆದುಕೊಳ್ಳಿ.

ತಿಂಗಳ ಖರ್ಚು, ದಿರ್ಹಮಿನಲ್ಲಿ:
ಒಂದೇ ಕೋಣೆಯ ಮನೆಯ ಬಾಡಿಗೆ (ವರ್ಷಕ್ಕೆ 42,000): 3,500
ಇಬ್ಬರು ಮಕ್ಕಳ ಶಾಲೆ ಮತ್ತು ಶಾಲೆಯ ಬಸ್ಸು (ವರ್ಷಕ್ಕೆ 21,000): 1,750
ಊಟ, ಹಾಲು, ಸಾಬೂನು: 1,400
ವಿದ್ಯುತ್ತು, ನೀರು, ಪುರಸಭೆಯ ಮನೆ ಶುಲ್ಕ: 600
ಗಂಡ ಕೆಲಸಕ್ಕೆ ಹೋಗಿಬರುವ ಖರ್ಚು: 300
ವರ್ಷ ಬಿಟ್ಟು ವರ್ಷ ಊರಿಗೆ ಬಂದುಹೋಗುವ ನಾಲ್ಕು ಟಿಕೆಟ್ಟುಗಳ ತಿಂಗಳ ಪಾಲು: 250
ಫೋನು: 200
ಹೆಂಡತಿ ಮಕ್ಕಳ ಆರೋಗ್ಯ ವಿಮೆಯ ತಿಂಗಳ ಪಾಲು: 200
ಅವರ ವೀಸಾ ಖರ್ಚಿನ ತಿಂಗಳ ಪಾಲು: 150
ಒಟ್ಟು: 8,350

ಜಮಾ 6,000, ಖರ್ಚು 8,350. ತಿಂಗಳಿಗೆ 2,350 ದಿರ್ಹಮ್ ಕೊರತೆ. ಈಗ ಗುಣಾಕಾರ ಮಾಡಿ ನೋಡಿ: 56,400 ರೂಪಾಯಿ. ತಿಂಗಳಿಗೆ 1,44,000 ರೂಪಾಯಿ ಸಂಬಳದವನೆಂದು ಊರಲ್ಲಿ ಹೆಸರಾದವನು ತಿಂಗಳಿಗೆ 56,400 ರೂಪಾಯಿ ಸಾಲಗಾರ! ಇದರಲ್ಲಿ ಹೊಸ ಬಟ್ಟೆ ಇಲ್ಲ, ಹಬ್ಬವಿಲ್ಲ, ಕೆಲಸ ಹೋದರೆಂಬ ಗಂಟಿಲ್ಲ.

ಪುರಸಭೆಯ ಮನೆ ಶುಲ್ಕವೆಂದರೇನೆಂದು ಕೇಳುವವರುಂಟು. ದುಬೈಯಲ್ಲಿ ವರ್ಷದ ಬಾಡಿಗೆಯ ನೂರಕ್ಕೆ 5ರಷ್ಟನ್ನು ಹನ್ನೆರಡು ಪಾಲು ಮಾಡಿ ವಿದ್ಯುತ್ ಬಿಲ್ಲಿನೊಡನೆ ವಸೂಲು ಮಾಡುತ್ತಾರೆ. 42,000 ಬಾಡಿಗೆಗೆ ಇದು ತಿಂಗಳಿಗೆ 175. "ಅಲ್ಲಿ ಆದಾಯ ತೆರಿಗೆಯೇ ಇಲ್ಲ" ಎಂದು ಏಜೆಂಟ್ ಹೇಳುವುದು ನಿಜವೇ. ಆದರೆ ಸಂಬಳದ ಮೇಲೆ ಬೀಳದ್ದು ಬಿಲ್ಲುಗಳ ಮೇಲೆ ಬೀಳುತ್ತದೆ. 2018ರ ಜನವರಿಯಿಂದ ಕೊಳ್ಳುವ ಸರಕಿನ ಮೇಲೂ ನೂರಕ್ಕೆ 5ರ ತೆರಿಗೆ ಇದೆ.

ಇನ್ನು ಮೊದಲ ತಿಂಗಳ ಭಾರ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ಹಿರಿಯರು. ಪರದೇಶದಲ್ಲಿ ಸಂಸಾರ ಹೂಡುವುದು ಆ ಎರಡಕ್ಕೂ ಸಮ. ಅಲ್ಲಿ ಬಾಡಿಗೆಯನ್ನು ನಮ್ಮಂತೆ ತಿಂಗಳು ತಿಂಗಳು ಕೊಡುವ ರೂಢಿಯಲ್ಲ. ವರ್ಷದ ಬಾಡಿಗೆಯನ್ನು ಒಂದೋ, ಎರಡೋ, ನಾಲ್ಕೋ ಚೆಕ್ಕುಗಳಲ್ಲಿ ಮುಂದಿನ ತಾರೀಕು ಹಾಕಿ ಮೊದಲೇ ಕೊಡಬೇಕು. ನಾಲ್ಕು ಚೆಕ್ಕಿಗೆ ಮನೆಯ ಧಣಿ ಒಪ್ಪಿದನೆಂದು ಇಟ್ಟುಕೊಂಡರೂ ಮೊದಲ ಚೆಕ್ಕು 10,500. ಠೇವಣಿ ಬಾಡಿಗೆಯ ನೂರಕ್ಕೆ 5ರಂತೆ 2,100. ದಲ್ಲಾಳಿಗೆ ಅಷ್ಟೇ, 2,100. ವಿದ್ಯುತ್ತು ನೀರಿನ ಠೇವಣಿ 2,000. ಮೂವರ ವೀಸಾ 3,600, ವಿಮೆ 2,400, ಟಿಕೆಟ್ಟು 2,400 ಎಂದು ಹಿಡಿಯಿರಿ. ಶಾಲೆಯ ಮೊದಲ ಕಂತು 4,700. ಮಂಚ, ಒಲೆ, ಪಾತ್ರೆಗೆ 4,000. ಒಟ್ಟು 33,800 ದಿರ್ಹಮ್. ಅಂದರೆ 8,11,200 ರೂಪಾಯಿ. ಹೆಂಡತಿ ಮಕ್ಕಳು ಆ ನೆಲದ ಮೇಲೆ ಕಾಲಿಟ್ಟ ತಿಂಗಳೇ ಎಂಟು ಲಕ್ಷ! ಇದು ಎಲ್ಲಿಂದ ಬರಬೇಕು? ಹೆಂಡತಿಯ ಕೊರಳಿನಿಂದ, ಅಪ್ಪನ ಹೊಲದಿಂದ, ಅಥವಾ ಬಡ್ಡಿ ಸಾಹುಕಾರನ ಪೆಟ್ಟಿಗೆಯಿಂದ.

ಚೆಕ್ಕಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಆ ದೇಶದಲ್ಲಿ ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಹಿಂತಿರುಗಿದರೆ ಕ್ರಿಮಿನಲ್ ಮೊಕದ್ದಮೆಯಾಗುತ್ತಿತ್ತು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಇದನ್ನು ಬಹುಮಟ್ಟಿಗೆ ಸಡಿಲಿಸಿದೆ. ಆದರೆ ಹಿಂತಿರುಗಿದ ಚೆಕ್ಕೇ ಈಗ ನ್ಯಾಯಾಲಯದ ಡಿಕ್ರಿಯಂತೆ ನೇರವಾಗಿ ಜಾರಿಯಾಗಬಲ್ಲದು. ಸಂಬಳ ಎರಡು ತಿಂಗಳು ತಡವಾದರೆ ತಪ್ಪು ಮಾಲೀಕನದು, ಚೆಕ್ಕಿನ ಕೆಳಗಿನ ರುಜು ಕಾರ್ಮಿಕನದು.

ಈ ಲೆಕ್ಕದಲ್ಲಿ ಕಾಣದ ಇನ್ನೊಂದು ಬಾಬ್ತು ಇದೆ. ಅದು ಇಲ್ಲಿ ಬಿಟ್ಟುಹೋಗುವುದರ ಬೆಲೆ. ಇಲ್ಲಿ 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಫೀಜಿಲ್ಲ. 2009ರ ಕಾನೂನು ಅದನ್ನು ಹಕ್ಕೆಂದು ಹೇಳುತ್ತದೆ. ಮಧ್ಯಾಹ್ನದ ಊಟ ಶಾಲೆಯಲ್ಲಿಯೇ. ಪಡಿತರದ ಅಕ್ಕಿ ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದರವಿಲ್ಲ. ಅಂಗನವಾಡಿ ಇದೆ, ತಾಲ್ಲೂಕು ಆಸ್ಪತ್ರೆ ಇದೆ. ಮಗು ಅತ್ತರೆ ಎತ್ತಿಕೊಳ್ಳಲು ಅಜ್ಜಿ ಇದ್ದಾಳೆ, ಹಿತ್ತಲಲ್ಲಿ ನಾಲ್ಕು ನುಗ್ಗೆಕಾಯಿ ಇವೆ. ಇವುಗಳಲ್ಲಿ ನೂರೆಂಟು ಲೋಪಗಳಿವೆ ಎಂದು ಇದೇ ಪತ್ರಿಕೆಯಲ್ಲಿ ಬರೆದವರು ನಾವೇ. ಆದರೂ ಇವು ಯಾರೂ ದಾನ ಕೊಟ್ಟದ್ದಲ್ಲ. ದುಡಿಯುವ ಜನ ಕೇಳಿ, ಕಾದಾಡಿ ಪಡೆದದ್ದು. ಇವೂ ಸಂಬಳದ ಭಾಗವೇ, ಕೈಗೆ ಬಾರದ ಸಂಬಳ. ಗಡಿ ದಾಟಿದ ದಿನ ಇದಷ್ಟೂ ನಿಂತುಹೋಗುತ್ತದೆ. ಅಲ್ಲಿಯ ಭಾರತೀಯ ಶಾಲೆಗಳು ಫೀಜಿನ ಶಾಲೆಗಳು. ದುಬೈಯ ಕಾನೂನಿನಂತೆ ಕೆಲಸಗಾರನ ಆರೋಗ್ಯ ವಿಮೆ ಮಾಲೀಕನ ಹೊಣೆ, ಹೆಂಡತಿ ಮಕ್ಕಳ ವಿಮೆ ಅವರನ್ನು ಕರೆಸಿಕೊಂಡವನ ಹೊಣೆ. ಇಲ್ಲಿ ಬಿಟ್ಟಿಯಾಗಿ ಕಂಡದ್ದೆಲ್ಲ ಅಲ್ಲಿ ಬಿಲ್ಲಾಗಿ ಬರುತ್ತದೆ.

ಮಕ್ಕಳ ಓದಿನಲ್ಲಿ ಇನ್ನೂ ಒಂದು ಗಂಟು ಇದೆ. ನಮ್ಮ ರಾಜ್ಯದ ಸಿಇಟಿಗೆ ಹೆಚ್ಚಿನ ಮಕ್ಕಳು ಅರ್ಹರಾಗುವುದು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದಾರೆಂಬ ಷರತ್ತಿನ ಮೇಲೆ. ಒಂದನೇ ತರಗತಿಯಲ್ಲಿ ಹೊರಟ ಮಗು ಹತ್ತನೆಯ ತರಗತಿಗೆ ಹಿಂತಿರುಗಿದರೆ ಆ 7 ವರ್ಷ ತುಂಬುವುದಿಲ್ಲ. ಅರ್ಹತೆಗೆ ಬೇರೆ ಕಲಮುಗಳೂ ಇವೆ. ಆದರೆ ಅವು ನಿಮಗೆ ಒಪ್ಪುತ್ತವೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು, ಬಂದಮೇಲಲ್ಲ.

ಮತ್ತೆ, ಸಂಸಾರ ಹೋಯಿತೆಂದು ಊರಿನ ಒಲೆ ಆರುವುದಿಲ್ಲ. ತಾಯಿತಂದೆಗೆ ಔಷಧ, ತಂಗಿಯ ಓದು, ಸೊಸೈಟಿಯ ಸಾಲದ ಕಂತು ಇಲ್ಲಿಯೇ ಇರುತ್ತವೆ. ತಿಂಗಳಿಗೆ ಬರೀ 12,000 ರೂಪಾಯಿ ಕಳಿಸುವುದೆಂದರೂ 500 ದಿರ್ಹಮ್. ನಮ್ಮ ಮಾದರಿ ಸಂಸಾರದ ಕೊರತೆ ಆಗ 2,850ಕ್ಕೆ ಏರುತ್ತದೆ. ಒಂಟಿಯಾಗಿದ್ದಾಗ ಇದೇ ಮನುಷ್ಯ ಹಲವರ ಕೋಣೆಯಲ್ಲಿ ಒಂದು ಮಂಚದ ಜಾಗಕ್ಕೆ 800, ಊಟಕ್ಕೆ 700, ಓಡಾಟಕ್ಕೆ 300, ಫೋನು ಮತ್ತು ಕೈಖರ್ಚಿಗೆ 400, ಒಟ್ಟು 2,200ರಲ್ಲಿ ದಿನ ದೂಡಿ 3,800 ದಿರ್ಹಮ್ ಉಳಿಸುತ್ತಿದ್ದ. ಅದು 91,200 ರೂಪಾಯಿ. ಊರವರು ನೋಡಿದ್ದು ಆ ಹಣವನ್ನು. "ಅವನು ಆಗ ಅಷ್ಟು ಕಳಿಸುತ್ತಿದ್ದ, ಹೆಂಡತಿ ಹೋದಮೇಲೆ ನಿಂತುಹೋಯಿತು" ಎಂದು ಅವಳ ಮೇಲೆ ಗೂಬೆ ಕೂರಿಸುವವರನ್ನು ಎಲ್ಲ ಊರಿನಲ್ಲಿಯೂ ಕಾಣುತ್ತೇವೆ. ಆ ತಾಯಿ ಮಾಡಿದ ತಪ್ಪೇನು? ಕೊರತೆ ಹುಟ್ಟಿದ್ದು ಅವಳ ಕೈಯ ದುಂದಿನಿಂದಲ್ಲ, ಸಂಬಳದ ಲೆಕ್ಕದಿಂದ.

ಇಲ್ಲಿಗೆ ನಾವು ಮುಖ್ಯ ಮಾತಿಗೆ ಬಂದೆವು. ಆ ಸಂಬಳವನ್ನು ಗೊತ್ತುಮಾಡಿದ್ದು ಯಾರ ಹೊಟ್ಟೆಯನ್ನು ಅಳೆದು?

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಒಮ್ಮೆ ಸ್ಪಷ್ಟವಾದ ಉತ್ತರ ಕೊಟ್ಟಾಗಿದೆ. 1957ರಲ್ಲಿ ಸೇರಿದ 15ನೆಯ ಭಾರತ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಕನಿಷ್ಠ ಕೂಲಿಯ ಅಳತೆಗೋಲನ್ನು ಒಪ್ಪಿದರು. ದುಡಿಯುವವನೊಬ್ಬನ ಕೂಲಿ ಮೂರು ಬಳಕೆದಾರ ಘಟಕಗಳನ್ನು, ಅಂದರೆ ಗಂಡ, ಹೆಂಡತಿ, ಎರಡು ಮಕ್ಕಳನ್ನು ಸಾಕಬೇಕು. ಹೆಂಡತಿಯದೋ ಮಕ್ಕಳದೋ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಕೂಡದು. ಆಹಾರ ಡಾಕ್ಟರ್ ಆಕ್ರಾಯ್ಡರು ಹೇಳಿದ ಪ್ರಮಾಣದಲ್ಲಿ. ಬಟ್ಟೆ ತಲೆಗೆ ವರ್ಷಕ್ಕೆ 18 ಗಜ, ನಾಲ್ವರಿಗೆ 72 ಗಜ. ಮನೆಬಾಡಿಗೆ ಬೇರೆ. ಸೌದೆ, ದೀಪ ಮೊದಲಾದವಕ್ಕೆ ಒಟ್ಟು ಕೂಲಿಯ ನೂರಕ್ಕೆ 20. 1991ರಲ್ಲಿ ಸುಪ್ರೀಂ ಕೋರ್ಟು ರೆಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ಓದು, ಔಷಧ, ಹಬ್ಬಹರಿದಿನ, ಮುಪ್ಪು, ಮದುವೆ ಇವುಗಳಿಗೆಂದು ಇನ್ನೂ ನೂರಕ್ಕೆ 25ನ್ನು ಸೇರಿಸಬೇಕೆಂದಿತು. ಈ ಅಳತೆಯ ಕೂಲಿ ನಮ್ಮ ಗಿರಣಿಗಳಲ್ಲಿ ನಿಜವಾಗಿ ಎಷ್ಟು ಮಂದಿಗೆ ಸಿಗುತ್ತದೆಂಬುದು ಓದುಗರಿಗೆ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೂ ತತ್ತ್ವವಂತೂ ನಿಂತಿದೆ: ಕೂಲಿಯೆಂದರೆ ಸಂಸಾರದ ಕೂಲಿ. ಇಂದು ದುಡಿಯುವವನನ್ನು ಸಾಕಿದರೆ ಸಾಲದು, ನಾಳೆ ದುಡಿಯುವವರನ್ನೂ ಬೆಳೆಸಬೇಕು.

ಕೊಲ್ಲಿಯ ಸಂಬಳಕ್ಕೆ ಈ ತತ್ತ್ವ ತಿಳಿಯದು. ಅದು ಒಂಟಿ ಮನುಷ್ಯನಿಗೆಂದು ಗೊತ್ತುಮಾಡಿದ ಸಂಬಳ. ಅವನ ಹೆಂಡತಿ ಹಳ್ಳಿಯಲ್ಲಿ ಅಗ್ಗವಾಗಿ ಬದುಕುತ್ತಾಳೆ, ಮಕ್ಕಳನ್ನು ನಮ್ಮ ಸರ್ಕಾರಿ ಶಾಲೆ ಓದಿಸುತ್ತದೆ, ಮುಪ್ಪಿನಲ್ಲಿ ಅವನನ್ನು ನಮ್ಮ ಊರು ನೋಡಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿಯೇ ಅಲ್ಲಿಯ ಬಂಡವಾಳ ಅವನನ್ನು ಕರೆಸಿಕೊಳ್ಳುತ್ತದೆ. ಇದು ಹೊಸ ಉಪಾಯವೂ ಅಲ್ಲ. ಮುಂಬಯಿಯ ಹತ್ತಿ ಗಿರಣಿಗಳು ಬೆಳೆದದ್ದೂ ಹೀಗೆಯೇ. ಕೊಂಕಣದಿಂದ, ಘಟ್ಟದಿಂದ ಬಂದ ಗಂಡಸರು ಚಾಳಿನ ಒಂದು ಕೋಣೆಯಲ್ಲಿ ಹತ್ತಾರು ಮಂದಿ ಮಲಗಿ, ಖಾನಾವಳಿಯಲ್ಲಿ ಉಂಡು, ಊರಿಗೆ ಹಣ ಕಳಿಸಿದರು. ಹೋಟೆಲು ಕೆಲಸಕ್ಕೆಂದು ಹೋದ ನಮ್ಮ ಕರಾವಳಿಯ ಹುಡುಗರೂ ಹಾಗೆಯೇ ಇದ್ದರು. ಸಂಸಾರದ ಭಾರವನ್ನು ಹಳ್ಳಿ ಹೊತ್ತಿತು, ಗಿರಣಿಯ ಲಾಭವನ್ನು ಮಾಲೀಕ ಉಂಡ.

ಸರ್ಕಾರಗಳು ಈ ಲೆಕ್ಕವನ್ನು ಹೇಗೆ ನೋಡುತ್ತವೆಂಬುದಕ್ಕೆ ಕೆಲವು ನಿದರ್ಶನಗಳನ್ನು ಕೊಡುತ್ತೇವೆ. ಎಮಿರೇಟ್ಸ್‌ನಲ್ಲಿ 2019ರ ನಿಯಮದಂತೆ 4,000 ದಿರ್ಹಮ್ ಸಂಬಳವಿದ್ದವನು, ಅಥವಾ 3,000 ಸಂಬಳದ ಮೇಲೆ ಮನೆಯೂ ಇದ್ದವನು, ಸಂಸಾರವನ್ನು ಕರೆಸಿಕೊಳ್ಳಬಹುದು. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 3,500 ಬಾಡಿಗೆ ಕೊಟ್ಟಮೇಲೆ 4,000ದಲ್ಲಿ ಉಳಿಯುವುದು 500. ಕಾನೂನು ಒಳಗೆ ಬಿಡುತ್ತದೆ, ಲೆಕ್ಕ ಹೊರಗೆ ತಳ್ಳುತ್ತದೆ. ಕುವೈತಿನ ದಾರಿ ಬೇರೆ. 2024ರಲ್ಲಿ ಕುಟುಂಬ ವೀಸಾಗಳನ್ನು ಮತ್ತೆ ತೆರೆದಾಗ, ಕೆಲವು ವೃತ್ತಿಗಳನ್ನು ಬಿಟ್ಟು, ತಿಂಗಳಿಗೆ 800 ದಿನಾರ್ ಸಂಬಳ ಇರಲೇಬೇಕೆಂದಿತು. ಕೂಲಿಕಾರನ ಕೈಗೆ ಎಟುಕುವ ಅಂಕಿಯಲ್ಲ ಅದು. ಅಲ್ಲಿ ಸಂಸಾರವೆಂಬುದು ದೊಡ್ಡ ಸಂಬಳದವರ ಸೊತ್ತು.

ಸೌದಿ ಅರೇಬಿಯದ ಕಥೆ ಎಲ್ಲಕ್ಕಿಂತ ಕಠಿಣ. 2017ರ ಜುಲೈನಲ್ಲಿ ಆ ಸರ್ಕಾರ ಪರದೇಶದ ಕೆಲಸಗಾರನ ಜೊತೆಗಿರುವ ಪ್ರತಿಯೊಬ್ಬ ಅವಲಂಬಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ನೂರು ನೂರು ಏರಿಸಿ 2020ರ ಜುಲೈಗೆ ಅದನ್ನು 400ಕ್ಕೆ ತಂದಿತು. ಹೆಂಡತಿ ಮತ್ತು ಎರಡು ಮಕ್ಕಳಿಗೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ರಿಯಾಲಿಗೆ 23 ರೂಪಾಯಿ ಹಿಡಿದರೂ 3,31,200 ರೂಪಾಯಿ. ಅದೇ 2020ರ ಜುಲೈನಲ್ಲಿ ಸರಕಿನ ಮೇಲಿನ ತೆರಿಗೆಯನ್ನು ನೂರಕ್ಕೆ 5ರಿಂದ 15ಕ್ಕೆ ಏರಿಸಿತು. ಹೆಂಡತಿಯ ಮುಖ ನೋಡುವುದಕ್ಕೆ, ಮಗುವಿನ ಮಾತು ಕೇಳುವುದಕ್ಕೆ ತಲೆಗಂದಾಯ! ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳಿಸಿ ಮತ್ತೆ ಒಂಟಿಯಾದರು. 2016ರಲ್ಲಿ ಎಷ್ಟೇ ಎಚ್ಚರಿಕೆಯಿಂದ ಲೆಕ್ಕ ಹಾಕಿ ಹೋದವನಿಗೂ 2020ರ ಈ ಸಾಲು ಕಂಡಿರುವುದು ಸಾಧ್ಯವಿರಲಿಲ್ಲ. ಮತವಿಲ್ಲದ ನಾಡಿನಲ್ಲಿ ನಿಯಮ ಬದಲಾದರೆ ಕೇಳುವ ಹಕ್ಕೂ ಇಲ್ಲ. ಸೌದಿಯಲ್ಲಾಗಲಿ ಎಮಿರೇಟ್ಸ್‌ನಲ್ಲಾಗಲಿ ಕಾರ್ಮಿಕ ಸಂಘ ಕಟ್ಟಲು ಅವಕಾಶವಿಲ್ಲ.

ನಮ್ಮ ದೆಹಲಿ ಸರ್ಕಾರವೇನು ಕಡಿಮೆಯೇ? ಕೊಲ್ಲಿ ದೇಶಗಳಿಗೆ ಹೋಗುವ ನಮ್ಮ ಕಾರ್ಮಿಕರಿಗೆ ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡಕೂಡದೆಂದು ಒಂದು ದರವನ್ನು ನಮ್ಮ ಸರ್ಕಾರ ಗೊತ್ತುಮಾಡುತ್ತದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಅದೇ ಸರ್ಕಾರ ಆ ದರವನ್ನು ಬಹಳವಾಗಿ ಇಳಿಸಿತು. ಕೂಗೆದ್ದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ 2021ರಲ್ಲಿ ಹಿಂತೆಗೆದುಕೊಂಡಿತು. ಕೂಗಿದ್ದರಿಂದ ಹಿಂತೆಗೆದುಕೊಂಡಿತು ಎಂಬುದನ್ನು ನೆನಪಿಡಿ.

"ಹಾಗಾದರೆ ಬಡವನು ಸಂಸಾರವನ್ನು ಕರೆದೊಯ್ಯಲೇಬಾರದೆನ್ನುತ್ತೀರಾ? ಹತ್ತು ವರ್ಷ ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ ಇರಬೇಕೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾವು ಹಾಗೆ ಹೇಳುವುದಿಲ್ಲ. ತಂದೆಯನ್ನು ಫೋನಿನ ಗಾಜಿನಲ್ಲಿ ಮಾತ್ರ ಕಂಡು ಬೆಳೆಯುವ ಮಗುವಿನ ನಷ್ಟವನ್ನು ಯಾವ ನಾಣ್ಯದಲ್ಲಿಯೂ ಬರೆಯಲಾಗದು. ಸಂಸಾರ ಕೂಡಿ ಬಾಳುವುದು ಹಕ್ಕು, ಭೋಗವಲ್ಲ. ನಾವು ಹೇಳುವುದು ಇಷ್ಟೇ: ಆ ಹಕ್ಕಿನ ಬೆಲೆಯನ್ನು ಕಾರ್ಮಿಕನೊಬ್ಬನೇ ಸಾಲ ಮಾಡಿ ತೆರಬೇಕಾಗಿಲ್ಲ. ಅದನ್ನು ಕರಾರು ಪತ್ರದಲ್ಲಿ ಬರೆಸಬೇಕು.

ಕರಾರಿನ ಎರಡು ಸಾಲು ಏನು ಮಾಡಬಲ್ಲವೆಂದು ನೋಡಿ. ನಮ್ಮ ಪಟ್ಟಿಯ 8,350ರಲ್ಲಿ ಬಾಡಿಗೆಯ 3,500, ಶಾಲೆಯ 1,750 ಇವೆರಡನ್ನು ಮಾಲೀಕ ಹೊತ್ತರೆ ಉಳಿಯುವ ಖರ್ಚು 3,100. ಅದೇ 6,000 ಸಂಬಳದಲ್ಲಿ ಆಗ ತಿಂಗಳಿಗೆ 2,900 ದಿರ್ಹಮ್, ಅಂದರೆ 69,600 ರೂಪಾಯಿ ಉಳಿತಾಯ. ದುಡಿಮೆ ಅದೇ, ಸಂಬಳ ಅದೇ. ಎರಡು ಸಾಲು ಇದ್ದರೆ 69,600 ಉಳಿತಾಯ, ಇಲ್ಲದಿದ್ದರೆ 56,400 ಸಾಲ. ಇದರಿಂದ ತಿಳಿಯುವುದೇನು? "ಸಂಬಳ ಎಷ್ಟು?" ಎಂಬುದಕ್ಕಿಂತ "ಸಂಬಳದ ಹೊರಗೆ ಏನೇನು?" ಎಂಬುದೇ ದೊಡ್ಡ ಪ್ರಶ್ನೆ.

ಆದುದರಿಂದ ಹೊರಡುವವರು ಇವಿಷ್ಟನ್ನು ಮಾಡತಕ್ಕದ್ದು.

ಮೊದಲು ಗಂಡಹೆಂಡಿರು ಇಬ್ಬರೂ ಕುಳಿತು ಅಲ್ಲಿಯ ನಾಣ್ಯದಲ್ಲಿ ಪಟ್ಟಿ ಬರೆಯಿರಿ. ಹೆಂಡತಿಗೆ ತಿಳಿಸದ ಲೆಕ್ಕ ಅರ್ಧ ಲೆಕ್ಕ. ಆ ಮನೆಯನ್ನು ನಡೆಸುವವಳು ಅವಳು. ಅವಳೂ ಅಲ್ಲಿ ದುಡಿಯುವುದಾದರೆ ಗಂಡನ ಆಶ್ರಯದ ವೀಸಾ ಇದ್ದರೆ ಸಾಲದು, ಕೆಲಸದ ಪರವಾನಗಿ ಬೇರೆ ಬೇಕು. ಆ ಪರವಾನಗಿ ಕೈಗೆ ಬರುವವರೆಗೆ ಅವಳ ಸಂಬಳವನ್ನು ಜಮಾ ಪುಟದಲ್ಲಿ ಬರೆಯಬೇಡಿ.

ಎರಡನೆಯದು, ಮೂಲ ವೇತನ ಎಷ್ಟು, ಭತ್ಯ ಎಷ್ಟು ಎಂದು ಕೇಳಿ. ಎಮಿರೇಟ್ಸ್‌ನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. 6,000ವೂ ಮೂಲ ವೇತನವಾಗಿದ್ದರೆ ಐದು ವರ್ಷಕ್ಕೆ 21,000 ದಿರ್ಹಮ್ ಬರುತ್ತದೆ. 3,000 ಮಾತ್ರ ಮೂಲ ವೇತನವೆಂದು ಬರೆದಿದ್ದರೆ 10,500. ಒಂದು ಕಾಗದದ ಬರವಣಿಗೆಯಲ್ಲಿ ಅರ್ಧ ಗಂಟು ಮಾಯ.

ಮೂರನೆಯದು, ಮೊದಲು ಒಬ್ಬರೇ ಹೋಗಿ ಆರು ತಿಂಗಳು ದುಡಿಯಿರಿ. ಸಂಬಳ ಹೇಳಿದ ದಿನಕ್ಕೆ, ಹೇಳಿದಷ್ಟು ಬರುತ್ತದೆಯೇ ನೋಡಿ. ಆ ಆರು ತಿಂಗಳ ಉಳಿತಾಯವೇ ಮೊದಲ ತಿಂಗಳ ಭಾರದ ಬುನಾದಿಯಾಗಲಿ. ಮನೆಯ ಪತ್ರವನ್ನು ಗಿರವಿಯಿಟ್ಟು ಸಂಸಾರ ಸಾಗಿಸಬೇಡಿ. ಹಿಂತಿರುಗಿ ಬರಲು ಒಂದು ಮನೆ ಉಳಿದಿರಬೇಕು.

ನಾಲ್ಕನೆಯದು, ನಾಲ್ವರ ಟಿಕೆಟ್ಟಿನ ಹಣ ಮತ್ತು ಮೂರು ತಿಂಗಳ ಖರ್ಚನ್ನು ಮುಟ್ಟದ ಗಂಟಾಗಿ ಇಡಿ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಸಂಸಾರವೆಲ್ಲ ಹೊರಡಬೇಕಾಗುತ್ತದೆ.

ಐದನೆಯದು, ಪರವಾನಗಿ ಪಡೆದ ಏಜೆಂಟನೇ ಎಂದು ನೋಡಿ. ಕಾನೂನಿನಂತೆ ಅವನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷ ಕೇಳಿದವನು ಕಾನೂನು ಮುರಿದವನು, ರಸೀದಿ ಕೇಳಿ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಗೆ ಹೋಗಬೇಕಾದರೆ 1983ರ ವಲಸೆ ಕಾನೂನಿನಂತೆ ಅವರ ಕರಾರನ್ನು ಸರ್ಕಾರ ನೋಡಬೇಕು, 10 ಲಕ್ಷದ ಪ್ರವಾಸಿ ವಿಮೆಯೂ ಕಡ್ಡಾಯ. ನಮ್ಮಂತೆ ಮೆಟ್ರಿಕ್ ಮುಗಿಸಿದವರ ಕರಾರನ್ನು ಯಾರೂ ನೋಡುವುದಿಲ್ಲ. ಓದಿದವನೆಂದು ಅವನನ್ನು ಅವನ ಪಾಡಿಗೆ ಬಿಟ್ಟಿದ್ದಾರೆ. ಆದುದರಿಂದ ಅವನು ಎರಡು ಪಟ್ಟು ಎಚ್ಚರವಾಗಿರಬೇಕು.

ಇನ್ನು ಸರ್ಕಾರದ ಮುಂದೆ ಇಡತಕ್ಕ ಬೇಡಿಕೆಗಳು. ದೆಹಲಿ ಗೊತ್ತುಮಾಡುವ ಸಂಬಳದ ದರ ಒಂಟಿ ಮನುಷ್ಯನ ಹೊಟ್ಟೆಯ ಅಳತೆಯಲ್ಲಿರಕೂಡದು; 1957ರ ತತ್ತ್ವವನ್ನು ಅಲ್ಲಿಗೂ ಒಯ್ಯಬೇಕು. ಒಂದೊಂದು ನಗರದಲ್ಲಿ ನಾಲ್ವರ ಸಂಸಾರಕ್ಕೆ ಎಷ್ಟು ಬೇಕೆಂಬ ಪಟ್ಟಿಯನ್ನು ನಮ್ಮ ರಾಯಭಾರ ಕಚೇರಿಗಳು ವರ್ಷವರ್ಷ ಸಿದ್ಧಪಡಿಸಿ ಕನ್ನಡದಲ್ಲಿಯೂ ಪ್ರಕಟಿಸಬೇಕು. ನೆರೆಯ ಕೇರಳ 1996ರಲ್ಲಿಯೇ ಹೊರನಾಡಿನ ಮಲಯಾಳಿಗಳಿಗೆಂದು ಒಂದು ಇಲಾಖೆಯನ್ನು ತೆರೆಯಿತು, 2008ರಲ್ಲಿ ಕ್ಷೇಮನಿಧಿಯ ಕಾನೂನು ಮಾಡಿತು. ನಮ್ಮ ಪ್ರತಿ ಜಿಲ್ಲಾ ಕೇಂದ್ರದಲ್ಲಿ ಕನಿಷ್ಠ ಒಂದು ಮೇಜು, ಒಂದು ಬೆಂಚು, ಕರಾರು ಪತ್ರವನ್ನು ಓದಿ ಅರ್ಥ ಹೇಳಬಲ್ಲ ಒಬ್ಬ ಗುಮಾಸ್ತನಾದರೂ ಬೇಡವೇ? ಹೊರನಾಡಿನಿಂದ ಬರುವ ಹಣ ಬೇಕಾದ ಸರ್ಕಾರಕ್ಕೆ ಹೊರನಾಡಿನ ಸಂಸಾರವೂ ಬೇಕಾಗಬೇಕು.

ಸರ್ಕಾರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಗಿರಣಿಯ ಸಂಘಗಳು, ಪೇಟೆಯ ವರ್ತಕರ ಸಂಘಗಳು ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ಇಡಲಿ. ಹೋಗಿಬಂದವರು ಬಂದು ನಿಜವಾದ ಬಾಡಿಗೆ ಎಷ್ಟು, ಫೀಜೆಷ್ಟು, ಯಾವ ಮಾಲೀಕ ಸಂಬಳ ತಡಮಾಡುತ್ತಾನೆ ಎಂಬುದನ್ನು ಹೊರಡುವವರಿಗೆ ಹೇಳಲಿ. ಊರಿಗೆ ಬಂದಾಗ ಕೈಗಡಿಯಾರ ತೋರಿಸಿ ಕೊರತೆಯನ್ನು ಮುಚ್ಚಿಡುವ ಮಾನದ ಭಯವೊಂದಿದೆ. ಏಜೆಂಟನ ಬಂಡವಾಳವೇ ಅದು. ಒಬ್ಬನು ತನ್ನ ನಿಜವಾದ ಜಮಾಖರ್ಚನ್ನು ಬಿಚ್ಚಿ ಹೇಳಿದರೆ ಹತ್ತು ಸಂಸಾರ ಉಳಿಯುತ್ತವೆ.

ಪಾಸ್‌ಪೋರ್ಟ್ ಸಿದ್ಧಮಾಡಿಕೊಂಡವರು ರುಜು ಹಾಕುವ ಮುಂಚೆ ಆ ಕರಾರನ್ನು ತಮ್ಮ ಸಂಘದಲ್ಲಿ ಒಬ್ಬರಿಗೆ ತೋರಿಸಲಿ. ನಮ್ಮ ಕಾರ್ಯಾಲಯಕ್ಕೆ ತಂದರೆ ನಾವೂ ಓದುತ್ತೇವೆ, ಪಟ್ಟಿ ಹಾಕಿಕೊಡುತ್ತೇವೆ. ಅದಕ್ಕೆ ಫೀಜಿಲ್ಲ.